ಅಲ್ಲಾಡಬೇಕಾದ ತೂಕ

ಮೇಡಂ ನನ್ನ ಕೈಗೆ ಒಂದು ಕಾಗದ ಕೊಟ್ಟು, "ಇದು ಬೇರಿಂಗಿನ ರಿಂಗೋ ಚಕ್ಕುಲಿನೋ ನೀವೇ ಹೇಳಿ ಸಾರ್" ಎಂದರು. ಕಾಗದದ ಮೇಲೆ ಅವರ ಯಂತ್ರ ಬಿಡಿಸಿದ್ದ ಒಂದು ವೃತ್ತವಿತ್ತು. ಅದನ್ನು ವೃತ್ತ ಎನ್ನುವುದು ನನ್ನ ಔದಾರ್ಯ, ಅಷ್ಟೆ. ಸುತ್ತಲೂ ಸಣ್ಣ ಸಣ್ಣ ಮುಳ್ಳುಗಳಿದ್ದವು.

ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದ ಒಳರಸ್ತೆಯೊಂದರ ಕಟ್ಟಡ ಅದು. ಮೊದಲ ಮಹಡಿಯಲ್ಲಿ ಮೇಡಂ ಅವರ ಅಳತೆಯ ಲ್ಯಾಬ್. ಸುತ್ತಮುತ್ತಲಿನ ಕಾರ್ಖಾನೆಗಳು ತಾವು ತಯಾರಿಸಿದ ರಿಂಗು, ಶಾಫ್ಟುಗಳನ್ನು ಅಲ್ಲಿಗೆ ಕಳಿಸುತ್ತವೆ. ದುಂಡಗಿರಬೇಕಾದದ್ದು ನಿಜಕ್ಕೂ ಎಷ್ಟು ದುಂಡಗಿದೆ ಎಂದು ಅಳೆದು ಮೇಡಂ ಸರ್ಟಿಫಿಕೇಟ್ ಕೊಡುತ್ತಾರೆ. ಅವರಿಗಿಂತ ಎರಡು ವರ್ಷ ತಡವಾಗಿ ನೆಲಮಹಡಿಗೆ ಬಂದದ್ದು ಪವರ್ ಪ್ರೆಸ್ ಘಟಕ. ತಗಡನ್ನು ಅಚ್ಚಿನ ನಡುವೆ ಇಟ್ಟು ದಡಕ್ಕನೆ ಒತ್ತಿ ಬ್ರಾಕೆಟ್ಟು, ವಾಷರುಗಳನ್ನು ಕತ್ತರಿಸುವ ಕೆಲಸ ಅಲ್ಲಿಯದು. ಅದರ ಯಜಮಾನರನ್ನು ಕೆಲಸಗಾರರೆಲ್ಲ ಅಣ್ಣ ಎನ್ನುತ್ತಿದ್ದರು. ಎರಡನೆಯ ದಿನದಿಂದ ನಾನೂ ಹಾಗೇ ಕರೆದೆ.

ನನ್ನನ್ನು ಕರೆಸಿದವರು ಕಟ್ಟಡದ ಮಾಲೀಕರು. ಆ ಊರಿನವರೇ. ಕಟ್ಟಡ ನಿಂತಿರುವ ಜಾಗದಲ್ಲಿ ಹಿಂದೆ ತಾವೇ ಸೊಪ್ಪು ಬೆಳೆಯುತ್ತಿದ್ದುದನ್ನು ಹೇಳಿ, ಆಮೇಲೆ ವಿಷಯಕ್ಕೆ ಬಂದರು.

"ನಂಗೆ ಇಬ್ರೂ ಬೇಕು ಸಾಮಿ. ಆದ್ರೆ ಮೇಡಂ ಮೊದ್ಲು ಬಂದೋರು. ದಸರಾ ಆದ್ಮೇಲೆ ಅವ್ರ ಲ್ಯಾಬಿಗೆ ಅದೇನೋ ಆಡಿಟ್ಟು ಐತಂತೆ. ಅದ್ರಾಗೆ ಅವ್ರು ಫೇಲಾದ್ರೆ ಪ್ರೆಸ್ಸಿನೋರು ಖಾಲಿ ಮಾಡ್ಲೇಬೇಕು. ಇಂಗೇ ಅಂತ ಇಬ್ರಿಗೂ ಏಳಿವ್ನಿ."

ಅಲುಗಾಟವನ್ನು ಅಳೆಯುವುದು, ಅದನ್ನು ತಗ್ಗಿಸುವ ಸಾಧನ ಮಾಡಿಕೊಡುವುದು ನನ್ನ ಕಸುಬು. ನನ್ನ ಶೆಡ್ ಇರುವುದು ಪೀಣ್ಯದಲ್ಲಿ, ಅಂದರೆ ಬೆಂಗಳೂರಿನ ಆ ತುದಿಯಲ್ಲಿ. ಸಾಮಾನ್ಯವಾಗಿ ನನಗೆ ಯಂತ್ರಗಳ ಜಗಳ ಬಿಡಿಸಿ ಅಭ್ಯಾಸ. ಇಲ್ಲಿ ಮನುಷ್ಯರ ಜಗಳವೂ ಸೇರಿಕೊಂಡಿತ್ತು. ಮೇಲಿನವರು ಕೆಳಗಿನವರು ಮಾತುಬಿಟ್ಟು ಬಹಳ ದಿನವಾಗಿತ್ತು. ಮೇಡಂ ಒಂದು ಸಲವೂ ಪ್ರೆಸ್ ಶೆಡ್ಡಿನೊಳಗೆ ಕಾಲಿಟ್ಟವರಲ್ಲ. ಏನಿದ್ದರೂ ಮೆಟ್ಟಿಲ ಬಳಿಯೇ ನಿಂತು ಮಾಲೀಕರಿಗೆ ಫೋನ್ ಮಾಡುತ್ತಿದ್ದರು.

ಅಳೆಯುವ ಮುಂಚೆ ನಾನು ಯಾವಾಗಲೂ ಮಾಡಿಸುವ ಒಂದು ಕೆಲಸವಿದೆ. ಗಡಗಡ ಎನ್ನುವ ತಗಡು, ಸಡಿಲ ಗಾರ್ಡು, ಕಳಚಿದ ಪೈಪು ಇವೆಲ್ಲ ಇದ್ದರೆ ನನ್ನ ಸೆನ್ಸಾರಿಗೆ ಯಾವುದು ನೆಲದ ಸದ್ದು, ಯಾವುದು ತಗಡಿನ ಸದ್ದು ಎಂದು ತಿಳಿಯುವುದಿಲ್ಲ. ಹಾಗಾಗಿ ಅಣ್ಣನಿಗೆ ಹೇಳಿದೆ: "ಶೆಡ್ಡಲ್ಲಿ ಏನೇನು ಅಲ್ಲಾಡ್ತಿದೆಯೋ ಎಲ್ಲಾ ಟೈಟ್ ಮಾಡಿಸಿ ಅಣ್ಣ. ಎಲ್ಲೂ ಆಟ ಇರಬಾರದು."

ಫಿಟ್ಟರುಗಳ ಬಾಯಲ್ಲಿ ಆಟ ಎಂದರೆ ಬಿಗಿಯಾಗಿ ಕೂರಬೇಕಾದ ಕಡೆ ಉಳಿದಿರುವ ಸಡಿಲ. ಅಣ್ಣ ನಕ್ಕರು. "ಆಟ ತೆಗ್ಯೋದೇ ನಮ್ ಕೆಲ್ಸ ಸಾರ್. ಇಪ್ಪತ್ತೆಂಟು ವರ್ಷದಿಂದ ಅದನ್ನೇ ಮಾಡ್ಕೊಂಡ್ ಬಂದಿದೀನಿ." ಮಾರನೆಯ ದಿನ ಹೋದಾಗ ಶೆಡ್ಡಿನಲ್ಲಿ ಒಂದು ಸ್ಕ್ರೂ ಕೂಡ ಮಿಸುಕುತ್ತಿರಲಿಲ್ಲ.

ಮೇಲಿನ ನೆಲಕ್ಕೆ ಮೇಣದಲ್ಲಿ ಸೆನ್ಸಾರ್ ಅಂಟಿಸಿದೆ. ಪ್ರೆಸ್ ನಿಲ್ಲಿಸಿ, ನೆಲದ ನಡುಮಧ್ಯೆ ತುದಿಗಾಲಲ್ಲಿ ನಿಂತು ಹಿಮ್ಮಡಿಗಳನ್ನು ಧೊಪ್ಪನೆ ಇಳಿಸಿದೆ. ನೆಲದ ಸ್ವಂತ ಲಯ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನನ್ನ ತೊಂಬತ್ತು ಕಿಲೋ ದೇಹ ಉಪಯೋಗಕ್ಕೆ ಬರುವ ಏಕೈಕ ಸಂದರ್ಭವೂ ಹೌದು. ಲ್ಯಾಬಿನ ಹೆಣ್ಣುಮಕ್ಕಳು ಮುಖ ತಿರುಗಿಸಿಕೊಂಡು ನಗುತ್ತಿದ್ದರು. ಹತ್ತು ಸಲ ಹಾರಿ ಇಳಿದ ಮೇಲೆ ಉತ್ತರ ಸಿಕ್ಕಿತು: ಆ ನೆಲ ಸೆಕೆಂಡಿಗೆ ಹನ್ನೊಂದು ಸಲ ಕಂಪಿಸುತ್ತದೆ, ಒಮ್ಮೆ ಶುರುವಾದ ಕಂಪನ ಅಡಗಲು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು. ಕೆಳಗಿನ ದೊಡ್ಡ ಪ್ರೆಸ್ ಹೊಡೆಯುವುದು ಸುಮಾರು ಸೆಕೆಂಡಿಗೊಂದು ಸಲ. ಒಂದು ಹೊಡೆತದ ಕಂಪನ ಇನ್ನೂ ಅಡಗಿರುವುದಿಲ್ಲ, ಅಷ್ಟರಲ್ಲಿ ಇನ್ನೊಂದು ಹೊಡೆತ. ಬೆಳಿಗ್ಗೆಯಿಂದ ಸಂಜೆಯವರೆಗೆ ನೆಲ ಸುಮ್ಮನಿರುವುದೇ ಇಲ್ಲ.

ಮೊದಲು ಸುಲಭದ ಮದ್ದು ಮಾಡಿದೆ. ಪ್ರೆಸ್ಸಿನ ಅಡಿಗೆ ರಬ್ಬರ್ ಪ್ಯಾಡ್ ಇಟ್ಟೆವು. ಮೇಲಿನ ಅಲುಗಾಟ ಅಷ್ಟಿಷ್ಟು ಕಡಿಮೆಯಾಯಿತು, ಆದರೆ ಪ್ರೆಸ್ ತಾನೇ ತೂಗಾಡತೊಡಗಿತು. ಅಚ್ಚಿನ ಕೆಳಗೆ ತಗಡು ಸರಿಯಾಗಿ ಕೂರುತ್ತಿಲ್ಲ ಎಂದು ಆಪರೇಟರ್ ಮೂರನೇ ದಿನವೇ ಗಲಾಟೆ ಮಾಡಿದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಪ್ಯಾಡ್ ತೆಗೆಸಿದೆವು.

ಆ ಮಧ್ಯಾಹ್ನ ಅಣ್ಣ ಊಟದ ಡಬ್ಬಿ ಬಿಚ್ಚಿದವರು ಮುಚ್ಚಿಟ್ಟರು. "ನಾನಾಗ್ಲೇ ಎರಡ್ ಸಲ ಜಾಗ ಬದಲಾಯಿಸಿದೀನಿ ಸಾರ್. ಮೊದ್ಲು ಬೊಮ್ಮನಹಳ್ಳಿ, ಅಲ್ಲಿ ಅಕ್ಕಪಕ್ಕದ ಮನೆಯೋರು ಬಿಡ್ಲಿಲ್ಲ. ಆಮೇಲೆ ಇನ್ನೊಂದ್ ಕಡೆ. ಒಂದೊಂದ್ ಸಲಾನೂ ಅರ್ಧ ಕೆಲ್ಸಗಾರ್ರು ಬಿಟ್ಟೋದ್ರು. ಈಗಿರೋ ಹನ್ನೊಂದ್ ಜನದ್ದೂ ಮನೆ ಇಲ್ಲೇ ಇದೆ. ಇನ್ನೊಂದ್ ಸಲ ಎಬ್ಬಿಸಿದ್ರೆ ನಾನು ಮತ್ತೆ ಶುರು ಮಾಡಲ್ಲ, ಮುಚ್ಚಿಬಿಡ್ತೀನಿ."

ಹಾಗೆ ಬಂತು ಡ್ಯಾಂಪರ್. ಹೆಸರು ದೊಡ್ಡದು, ತತ್ವ ಶಾಲೆಯ ಮಕ್ಕಳಿಗೂ ಗೊತ್ತಿರುವಂಥದ್ದು. ಸ್ಟೀಲ್ ಸ್ಕೇಲನ್ನು ಮೇಜಿನ ಅಂಚಿನಲ್ಲಿ ಒತ್ತಿ ಹಿಡಿದು ತುದಿ ಮೀಟಿದರೆ ಅದು ಟರ್ರನೆ ಆಡುತ್ತದೆ. ಹೊರಚಾಚಿದ ಭಾಗ ಉದ್ದವಾದಷ್ಟೂ ನಿಧಾನ, ಗಿಡ್ಡವಾದಷ್ಟೂ ಬೇಗ. ನೆಲ ಯಾವ ಲಯದಲ್ಲಿ ಕಂಪಿಸುತ್ತದೋ ಅದೇ ಲಯದಲ್ಲಿ ಆಡುವ ಒಂದು ತೂಕವನ್ನು ಅದೇ ನೆಲಕ್ಕೆ ಕಟ್ಟಿದರೆ, ನೆಲದ ಕುಣಿತವನ್ನು ಆ ತೂಕ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಎಳೆದುಕೊಂಡದ್ದನ್ನು ಕರಗಿಸಲು ತೂಕದ ಕೆಳಗೊಂದು ಎಣ್ಣೆಯ ಬಟ್ಟಲು. ಜೇನಿನಷ್ಟು ಮಂದವಾದ ಎಣ್ಣೆಯಲ್ಲಿ ತೂಕಕ್ಕೆ ಕಟ್ಟಿದ ಹಲಗೆ ಮುಳುಗಿ ಆಡುತ್ತ ಇರುತ್ತದೆ, ಶಕ್ತಿ ಅಲ್ಲಿ ಸೋರಿಹೋಗುತ್ತದೆ.

ಪೀಣ್ಯದಲ್ಲಿ ಎರಡು ವಾರ ಕೂತು ಮಾಡಿಸಿದೆ. ನಡುವೆ ದಪ್ಪ ತಳಪಟ್ಟಿ, ಅದರಿಂದ ಎರಡು ಕಡೆಗೆ ಚಾಚಿದ ಸ್ಪ್ರಿಂಗ್ ಸ್ಟೀಲಿನ ಪಟ್ಟಿಗಳು, ಒಂದೊಂದು ಬದಿಗೂ ಎಂಬತ್ತು ಕಿಲೋ ಉಕ್ಕಿನ ತಟ್ಟೆಗಳು. ತಟ್ಟೆಗಳನ್ನು ಹಿಂದೆ ಮುಂದೆ ಸರಿಸಲು ಸ್ಕ್ರೂವಿನಂತೆ ತಿರುಪು ಕೊರೆದ ಉದ್ದನೆಯ ಸರಳು. ಅದನ್ನು ಒಂದು ಸುತ್ತು ತಿರುಗಿಸಿದರೆ ತೂಕ ಎರಡು ಮಿಲಿಮೀಟರ್ ಸರಿಯುತ್ತದೆ. ಒಂದು ಭಾನುವಾರ ಅದನ್ನು ಪ್ರೆಸ್ ಶೆಡ್ಡಿನ ಚಾವಣಿಗೆ, ಅಂದರೆ ಲ್ಯಾಬಿನ ನೆಲದ ಹೊಟ್ಟೆಗೆ, ಬೋಲ್ಟ್ ಹಾಕಿ ಕೂರಿಸಿದೆವು. ಅಕಸ್ಮಾತ್ ಕಳಚಿದರೂ ಯಾರ ತಲೆಯ ಮೇಲೂ ಬೀಳದಿರಲೆಂದು ಸರಪಳಿ ಹಾಕಿದೆವು. ಅಣ್ಣ ಕೆಳಗಿನಿಂದ ನೋಡಿ, "ತೊಟ್ಟಿಲ್ ತರ ಇದೆ ಸಾರ್" ಎಂದರು. ಅಲ್ಲಿಂದಾಚೆಗೆ ಅದಕ್ಕೆ ತೊಟ್ಟಿಲು ಎಂದೇ ಹೆಸರಾಯಿತು.

ಸರಳು ತಿರುಗಿಸುವುದು, ಮೇಲೆ ಹೋಗಿ ಹಾರುವುದು, ಗ್ರಾಫ್ ನೋಡುವುದು. ಹನ್ನೆರಡು ಸಲ ಮೆಟ್ಟಿಲು ಹತ್ತಿಳಿದ ಮೇಲೆ ಲಯ ಕೂಡಿತು. ಸೆಕೆಂಡು ದಾಟುತ್ತಿದ್ದ ಕಂಪನ ಈಗ ಮೂರನೇ ಒಂದು ಭಾಗದಲ್ಲಿ ಸತ್ತುಹೋಗುತ್ತಿತ್ತು. ನನಗೋ ಹೆಮ್ಮೆ. ಗ್ರಾಫನ್ನು ಮೇಡಂಗೆ ತೋರಿಸಿದೆ. ಅವರು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

"ಗ್ರಾಫ್ ನಿಮ್ದು ಸಾರ್. ನಂಗೆ ನನ್ನ ಗಾಜಿನ ಗೋಳ ಸರಿಯಾಗಿ ಬರ್ಬೇಕು. ಆಡಿಟರ್ ನೋಡೋದು ಅದನ್ನೇ."

ಗಾಜಿನ ಗೋಳವೆಂದರೆ ಅರ್ಧ ನಿಂಬೆಹಣ್ಣಿನಷ್ಟಿರುವ, ಅತ್ಯಂತ ನಿಖರವಾಗಿ ದುಂಡಗೆ ಮಾಡಿದ ಗಾಜು. ಅದರ ದುಂಡು ಮೊದಲೇ ಗೊತ್ತಿರುವುದರಿಂದ, ಯಂತ್ರ ಅದನ್ನು ಅಳೆದಾಗ ಮುಳ್ಳು ಕಂಡರೆ ತಪ್ಪು ಗಾಜಿನದಲ್ಲ, ನೆಲದ್ದು.

ಸೋಮವಾರ ಹನ್ನೊಂದು ಗಂಟೆಗೆ ಗೋಳ ಚಕ್ಕುಲಿಯಾಗಿಯೇ ಬಂತು. ನನ್ನ ಹೆಮ್ಮೆ ಒಂದು ದಿನವೂ ಪೂರ್ತಿ ಬಾಳಲಿಲ್ಲ. ಸಂಜೆಯವರೆಗೆ ತಲೆ ಕೆಡಿಸಿಕೊಂಡು ಕೂತೆ. ಆಮೇಲೆ ಗೋಡೆಯ ಪಕ್ಕ ಸಾಲಾಗಿ ಜೋಡಿಸಿದ್ದ ಕ್ರೇಟುಗಳು ಕಣ್ಣಿಗೆ ಬಿದ್ದವು. ಅವು ಭಾನುವಾರ ಇರಲಿಲ್ಲ. ವಾರದ ಮಾಲು ಲ್ಯಾಬಿಗೆ ಬರುವುದು ಸೋಮವಾರ ಬೆಳಿಗ್ಗೆಯಂತೆ, ಹತ್ತಿರ ಹತ್ತಿರ ಒಂದು ಟನ್. ನೆಲಕ್ಕೆ ಅಷ್ಟು ಭಾರ ಬಿದ್ದರೆ ಲಯ ನಿಧಾನವಾಗಲೇಬೇಕು. ಮತ್ತೆ ಹಾರಿ ನೋಡಿದೆ. ಹನ್ನೊಂದು ಇದ್ದದ್ದು ಹತ್ತೂವರೆಗೆ ಇಳಿದಿತ್ತು. ಖಾಲಿ ನೆಲಕ್ಕೆ ತಾಳ ಹೊಂದಿಸಿ ಮೆರೆದಿದ್ದೆ ನಾನು. ಎರಡೂ ಬದಿಯ ತೂಕಗಳನ್ನು ಆರಾರು ಸುತ್ತು ಆಚೆಗೆ ಸರಿಸಿದೆ. ಮಾಲು ಬರುವ ಸೋಮವಾರವೆಲ್ಲ ಹೀಗೇ ಆರು ಸುತ್ತು ಬೇಕಾಗುತ್ತದೆ ಎಂದಷ್ಟೇ ಏಣಿ ಹಿಡಿದಿದ್ದ ಅಣ್ಣನಿಗೆ ಹೇಳಿದೆ. ಗಾಜಿನ ಗೋಳ ದುಂಡಗೆ ಬಂತು. ಮೇಡಂ ಮೂರು ಸಲ ಅಳೆದರು, ಮೂರು ಸಲವೂ ದುಂಡಗೆ. "ಪರವಾಗಿಲ್ಲ" ಎಂದರು. ಅವರ ಬಾಯಿಂದ ಅದು ದೊಡ್ಡ ಬಿರುದು ಎಂದು ಲ್ಯಾಬಿನ ಹುಡುಗಿಯೊಬ್ಬಳು ಆಮೇಲೆ ಹೇಳಿದಳು.

ಆಯುಧಪೂಜೆಗೆ ನಾನು ಪೀಣ್ಯದ ನನ್ನ ಶೆಡ್ಡಿನಲ್ಲೇ ಇದ್ದೆ. ಕುಂಬಳಕಾಯಿ ಒಡೆದು, ಪುರಿ ಬೂಂದಿ ಹಂಚಿ, ಎರಡು ದಿನ ಬಾಗಿಲು ಹಾಕಿದೆವು. ಮೂರನೆಯ ದಿನ ಬೆಳಿಗ್ಗೆ ಮೇಡಂ ಫೋನ್.

"ಚಕ್ಕುಲಿ ವಾಪಸ್ ಬಂದಿದೆ ಸಾರ್. ಆಡಿಟ್ ಶುಕ್ರವಾರ."

ಅಂದು ಮಂಗಳವಾರ. ಹೊರವರ್ತುಲ ರಸ್ತೆ ಹಿಡಿದು ಅಲ್ಲಿ ಮುಟ್ಟುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಶೆಡ್ಡಿನೊಳಗೆ ಹೋಗಿ ತಲೆಯೆತ್ತಿ ನೋಡಿದವನು ಹಾಗೇ ನಿಂತುಬಿಟ್ಟೆ. ತೊಟ್ಟಿಲಿಗೆ ಪ್ರೆಸ್ಸಿನದೇ ಹಸಿರು ಬಣ್ಣ ಬಳಿದಿದ್ದರು. ಅರಿಶಿನ ಕುಂಕುಮ ಇಟ್ಟಿದ್ದರು. ಬಾಡಿದ ಚೆಂಡುಹೂವಿನ ಹಾರ ನೇತಾಡುತ್ತಿತ್ತು. ಎರಡೂ ತೂಕಗಳಿಗೂ ಚಾವಣಿಗೂ ನಡುವೆ ಚೆನ್ನಾಗಿ ಕೆತ್ತಿದ ಮರದ ಬೆಣೆಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಲಾಗಿತ್ತು. ಕೈಯಲ್ಲಿ ಅಲ್ಲಾಡಿಸಿ ನೋಡಿದೆ. ಬಂಡೆಯ ಹಾಗಿತ್ತು. ಬಟ್ಟಲಿನಲ್ಲಿ ಮಂದ ಎಣ್ಣೆಯ ಬದಲು ತಿಳಿಯಾದ ಹೊಸ ಮಷಿನ್ ಆಯಿಲ್ ಹೊಳೆಯುತ್ತಿತ್ತು.

ಅಣ್ಣ ಪಕ್ಕದಲ್ಲೇ ಖುಷಿಯಾಗಿ ನಿಂತಿದ್ದರು. "ಪೂಜೆಗೆ ಎಲ್ಲಾ ಮಷಿನ್ನೂ ಕ್ಲೀನ್ ಮಾಡಿಸ್ದೆ ಸಾರ್, ನಿಮ್ದನ್ನ ಬಿಡೋಕಾಗುತ್ತಾ? ಎಣ್ಣೆ ಅಂತೂ ಜಿಗಟು ಜಿಗಟು ಆಗೋಗಿತ್ತು, ತೆಗ್ದು ಹೊಸದು ಹಾಕ್ದೆ. ಆಮೇಲೆ ತೂಕದಲ್ಲಿ ಬಾಳ ಆಟ ಇತ್ತು. ಬೆಣೆ ಹೊಡ್ದು ತೆಗ್ದೆ. ಈಗ ಒಂದ್ಚೂರೂ ಅಲ್ಲಾಡಲ್ಲ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊರಗೆ ಮೆಟ್ಟಿಲ ಬಳಿ ಮೇಡಂ ಮತ್ತು ಮಾಲೀಕರು ಕಾಯುತ್ತಿದ್ದರು. ನಾನೂ ಅಣ್ಣನೂ ಹೊರಗೆ ಬಂದೆವು. ಬೆಣೆ ಹೊಡೆದಿರುವ ಸಂಗತಿ ಹೇಳಿದೆ. ಹೇಳಿದ್ದೇ ತಡ, ಮೇಡಂ ಮಾಲೀಕರತ್ತ ತಿರುಗಿದರು.

"ಬೇಕಂತಾನೇ ಮಾಡಿದಾರೆ. ಆಡಿಟ್ ಇಷ್ಟು ಹತ್ತಿರ ಇರೋವಾಗ ಯಾರಾದ್ರೂ ಸುಮ್ನೆ ಬೆಣೆ ಹೊಡೀತಾರಾ?"

"ಇಲ್ಲ ಮೇಡಂ, ದೇವ್ರಾಣೆಗೂ..." ಎಂದು ಅಣ್ಣ ಕೈ ಮುಗಿದರು. ಮಾಲೀಕರು ನನ್ನನ್ನೇ ನೋಡಿದರು. "ನೀವೇನಂತೀರಾ ಸಾಮಿ? ಬೇಕಂತ ಮಾಡವ್ರಾ?"

ಉತ್ತರಿಸುವುದು ಸುಲಭವಾಗಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಏಕೆಂದರೆ ಹೇಳಬೇಕಾದದ್ದು ನನ್ನದೇ ತಪ್ಪು. ಎಲ್ಲೂ ಆಟ ಇರಬಾರದು ಎಂದು ಮೊದಲ ದಿನ ಹೇಳಿದವನು ನಾನು. ಆಮೇಲೆ ತಂದು ಕಟ್ಟಿದ್ದು ಆಟವೇ ಜೀವಾಳವಾದ ಒಂದು ಸಾಧನ. ಅದು ಅಲ್ಲಾಡಲೆಂದೇ ಇರುವುದು ಎಂಬ ಒಂದು ಮಾತನ್ನು ಅದರ ಕೆಳಗೆ ದಿನವೂ ಕೆಲಸ ಮಾಡುವ ಮನುಷ್ಯನಿಗೆ ಹೇಳಿರಲಿಲ್ಲ. ಲೆಕ್ಕ ನನಗೆ ಅರ್ಥವಾದರೆ ಸಾಕು ಎಂದುಕೊಂಡಿದ್ದೆ. ಇಪ್ಪತ್ತೆಂಟು ವರ್ಷ ಸಡಿಲ ಕಂಡಲ್ಲೆಲ್ಲ ಬಿಗಿದ ಕೈ ತಲೆಯ ಮೇಲೆ ನೂರರವತ್ತು ಕಿಲೋ ತೂಗಾಡುವುದನ್ನು ಕಂಡು ಸುಮ್ಮನಿರಬೇಕಿತ್ತು ಎನ್ನುವುದಾದರೂ ಹೇಗೆ? ನನಗೆ ನಿಜಕ್ಕೂ ನಾಚಿಕೆಯಾಯಿತು.

ಅಷ್ಟನ್ನೂ ಅವರ ಮುಂದೆ ಹೇಳಿದೆ. ಅಣ್ಣ ತಲೆ ತಗ್ಗಿಸಿ ನಿಂತಿದ್ದರು. ಮೇಡಂ, "ತಪ್ಪು ಯಾರದ್ದಾದ್ರೂ ಆಗ್ಲಿ, ಶುಕ್ರವಾರ ಬದಲಾಗಲ್ಲ" ಎಂದು ಮೆಟ್ಟಿಲು ಹತ್ತಿದರು. ಮಾಲೀಕರು, "ಅದಕ್ಕೊಂದು ಪಂಜರ ಮಾಡ್ಸಿ ಬೀಗ ಜಡೀರಿ ಸಾಮಿ. ಕೀ ನೀವೇ ಇಟ್ಕೊಳಿ" ಎಂದರು. ನನಗೂ ಅದೇ ಸರಿ ಎನ್ನಿಸಿತು. ಬೆಣೆ ತೆಗೆಸಿದೆ. ಆದರೂ ಗೋಳ ಸರಿಬರಲಿಲ್ಲ. ತೆಳು ಎಣ್ಣೆಯಲ್ಲಿ ತೂಕ ಹುಚ್ಚಾಪಟ್ಟೆ ಕುಣಿಯುತ್ತಿತ್ತು. ಮಂದ ಎಣ್ಣೆ ಪೀಣ್ಯದಿಂದಲೇ ಬರಬೇಕು. ಮಂಗಳವಾರ ಹಾಗೆ ಕಳೆಯಿತು.

ಬುಧವಾರ ಬೆಳಿಗ್ಗೆ ಎಣ್ಣೆಯ ಡಬ್ಬ ತಂದೆ, ಪಂಜರಕ್ಕೆ ಅಳತೆ ತೆಗೆಯಲು ಟೇಪನ್ನೂ ತಂದೆ. ಏಣಿ ಹತ್ತಿ ಅಗಲ ಬರೆದುಕೊಳ್ಳುವಾಗ ಕೆಳಗಿನಿಂದ ಅಣ್ಣ ಕೇಳಿದರು: "ಸೋಮವಾರ ಸೋಮವಾರ ಆರು ಸುತ್ತು ಅಂದಿದ್ರಲ್ಲ, ಬೀಗ ಹಾಕಿದ್ಮೇಲೆ ಅದನ್ನ ಯಾರ್ ತಿರುಗಿಸ್ತಾರೆ ಸಾರ್?"

ನಾನು ಟೇಪ್ ಹಿಡಿದುಕೊಂಡು ಏಣಿಯ ಮೇಲೆಯೇ ನಿಂತೆ. ಪ್ರತಿ ಸೋಮವಾರ ಕ್ರೇಟ್ ಬರುತ್ತವೆ, ವಾರ ಕಳೆದಂತೆ ಒಂದೊಂದಾಗಿ ಹೋಗುತ್ತವೆ. ನಾನಿರುವುದು ಊರಿನ ಆ ತುದಿಯಲ್ಲಿ. ಬೀಗ ಹಾಕಿದ ಡ್ಯಾಂಪರ್ ವಾರದಲ್ಲಿ ಎರಡು ದಿನ ಸರಿಯಿರುತ್ತದೆ, ಉಳಿದ ದಿನ ತಾಳ ತಪ್ಪುತ್ತದೆ. ಸರಿಸಬಹುದಾದ ತೂಕ ಮಾಡಿಸಿ, ಸರಿಸಬೇಕಾದವನಿಂದಲೇ ಅದನ್ನು ಬಚ್ಚಿಡಲು ಹೊರಟಿದ್ದೆ.

ಏಣಿಯಿಂದ ಇಳಿದೆ. ಪಂಜರ ಬೇಡ ಎಂದು ಮಾಲೀಕರಿಗೆ ಫೋನ್ ಮಾಡಿ ಹೇಳಿದೆ. ಸ್ಪ್ಯಾನರನ್ನು ಅಣ್ಣನ ಕೈಗೆ ಕೊಟ್ಟು, ಒಂದು ಸ್ಟೀಲ್ ಸ್ಕೇಲ್ ತರಿಸಿ ಮೇಜಿನ ಅಂಚಿನಲ್ಲಿ ಮೀಟಿ ತೋರಿಸಿದೆ. ನಾನು ಹೇಳಿ ಮುಗಿಸುವ ಮುಂಚೆಯೇ ಅಣ್ಣ ಸ್ಕೇಲನ್ನು ಕಸಿದುಕೊಂಡು ತಾವೇ ಹಿಂದೆ ಮುಂದೆ ಸರಿಸಿ ಮೀಟಿದರು. "ಅಂದ್ರೆ ಈ ಆಟ ಕೆಲ್ಸ ಮಾಡೋ ಆಟ" ಎಂದರು. ಕಾಲೇಜಿನಲ್ಲಿ ಪಾಠ ಮಾಡುವವರಿಗೆ ಈ ವಾಕ್ಯ ಕೊಡಬೇಕು.

ಎಣ್ಣೆ ತುಂಬಿದೆವು. ಮೇಲೆ ಮೇಡಂ ಗೋಳ ಅಳೆಯುವುದು, ಕೆಳಗೆ ಅಣ್ಣ ಸರಳು ತಿರುಗಿಸುವುದು ಎಂದಾಯಿತು. ನಡುವೆ ಸ್ಪೀಕರಿನಲ್ಲಿಟ್ಟ ನನ್ನ ಫೋನು. ಮೇಡಂ, "ಮುಳ್ಳು ಇನ್ನೂ ಇದೆ ಅಂತ ಅವರಿಗೆ ಹೇಳಿ ಸಾರ್" ಎನ್ನುತ್ತಿದ್ದರು. ಏಣಿಯ ಮೇಲಿದ್ದ ಅಣ್ಣನಿಗೆ ಅದು ಚೆನ್ನಾಗಿಯೇ ಕೇಳುತ್ತಿತ್ತು. "ಎಷ್ಟಿದೆ ಅಂತ ಅವ್ರನ್ನ ಕೇಳಿ ಸಾರ್" ಎನ್ನುತ್ತಿದ್ದರು. ಅರ್ಧ ಗಂಟೆ ಹೀಗೆ ಅತ್ತೆ ಸೊಸೆಯರ ನಡುವಿನ ಮಗನಾದೆ. ಸಾಕಾಗಿ ಫೋನನ್ನು ಏಣಿಯ ಮೆಟ್ಟಿಲಲ್ಲಿ ಸಿಕ್ಕಿಸಿ ಕಾಫಿಗೆ ಹೊರಟುಹೋದೆ. ಬೇಕೆಂದೇ ನಿಧಾನವಾಗಿ ಕುಡಿದೆ. ವಾಪಸ್ ಬಂದಾಗ ಅಣ್ಣ ಫೋನಿಗೆ ಕೂಗುತ್ತಿದ್ದರು: "ಅರ್ಧ ಸುತ್ತು ಈಚೆ ತಗೊಳ್ಲಾ ಮೇಡಂ?" ಆ ಕಡೆಯಿಂದ, "ಬೇಡ ಬೇಡ, ಅಲ್ಲೇ ಇರ್ಲಿ! ಬಂತು!"

ಶುಕ್ರವಾರ ನಾನು ಬೇಗನೆ ಹೋದೆ. ಅಣ್ಣ ಗೇಟಿನಲ್ಲೇ ಹಿಡಿದುಕೊಂಡರು. ಇವತ್ತೊಂದು ದಿನ ಪ್ರೆಸ್ ನಿಲ್ಲಿಸಿಬಿಡುತ್ತೇನೆ, ಮೇಡಂಗೆ ಹೇಳಿ, ಯಾಕೆ ಸುಮ್ಮನೆ ರಿಸ್ಕು ಎಂದರು. ಮೇಲೆ ಹೋಗಿ ಹೇಳಿದೆ. ಮೇಡಂ ಬಹಳ ಹೊತ್ತು ಯೋಚಿಸಲಿಲ್ಲ.

"ನಿಲ್ಲಿಸಬಾರ್ದು ಅಂತ ಹೇಳಿ. ಕೆಳಗೆ ಪ್ರೆಸ್ ನಡೀತಿರುತ್ತೆ ಅಂತ್ಲೇ ನಾನು ರಿಪೋರ್ಟಲ್ಲಿ ಬರ್ದಿದೀನಿ. ಇವತ್ತು ನಿಲ್ಸಿ ಪಾಸಾದ್ರೆ ನಾಳೆ ನಾನು ಕೊಡೋ ಸರ್ಟಿಫಿಕೇಟ್ ಸುಳ್ಳಾಗುತ್ತೆ."

ಆಡಿಟರ್ ಹತ್ತು ಗಂಟೆಗೆ ಬಂದರು, ನೇರವಾಗಿ ಮೇಲೆ ಹೋದರು. ಕೆಳಗೆ ದೊಡ್ಡ ಪ್ರೆಸ್ ಎಂದಿನಂತೆ ಹೊಡೆಯುತ್ತಿತ್ತು. ನಾನು ಎಣ್ಣೆಯ ಬಟ್ಟಲಿನ ಕೆಳಗೆ ನಿಂತು, ಹೊಡೆತಕ್ಕೊಮ್ಮೆ ತೂಕಗಳು ಒಂದಿಷ್ಟು ಆಡಿ ಸುಮ್ಮನಾಗುವುದನ್ನು ನೋಡುತ್ತಿದ್ದೆ. ಹನ್ನೊಂದೂವರೆಯ ಹೊತ್ತಿಗೆ ತಗಡೊಂದು ಅಚ್ಚಿನಲ್ಲಿ ಸಿಕ್ಕಿಕೊಂಡು ಪ್ರೆಸ್ ನಿಂತುಹೋಯಿತು. ಎರಡು ನಿಮಿಷವೂ ಆಗಿರಲಿಲ್ಲ, ಲ್ಯಾಬಿನ ಹುಡುಗಿ ಓಡುತ್ತ ಇಳಿದು ಬಂದಳು. "ಯಾಕೆ ನಿಂತಿತು ಅಂತ ಕೇಳ್ತಿದಾರೆ. ಅದು ನಡೀತಿರುವಾಗ್ಲೇ ಇನ್ನೊಂದ್ಸಲ ಅಳೀಬೇಕಂತೆ!"

ಅಣ್ಣ ಪ್ರೆಸ್ಸಿನತ್ತ ಓಡಿದರು. ಆಪರೇಟರನನ್ನು ಪಕ್ಕಕ್ಕೆ ಸರಿಸಿ ತಾವೇ ತಗಡು ಬಿಡಿಸಿದರು. ಮತ್ತೆ ಶುರುವಾದ ಪ್ರೆಸ್ ಊಟದ ಬಿಡುವಿನವರೆಗೆ ನಿಲ್ಲಲಿಲ್ಲ.

ಎರಡು ಗಂಟೆಗೆ ಆಡಿಟರ್ ಅವರ ಕಾರು ಹೊರಟಿತು. ನಾವಿಬ್ಬರೂ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆವು, ಮೇಲೆ ಹೋಗಿ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮೇಡಂ ತಾವೇ ಇಳಿದು ಬಂದರು. ಮೆಟ್ಟಿಲ ಬಳಿ ನಿಲ್ಲಲಿಲ್ಲ. ಸೀರೆಯ ಸೆರಗು ಸಿಕ್ಕಿಸಿಕೊಂಡು, ತಗಡಿನ ಚೂರುಗಳನ್ನು ದಾಟಿಕೊಂಡು ಶೆಡ್ಡಿನ ನಡುವಿಗೆ ಹೋಗಿ, ತಲೆಯೆತ್ತಿ ಡ್ಯಾಂಪರನ್ನು ನೋಡಿದರು. ಕೆಲಸಗಾರರೆಲ್ಲ ಕೈಯಲ್ಲಿದ್ದದ್ದನ್ನು ಹಿಡಿದುಕೊಂಡೇ ನಿಂತರು.

"ಸೋಮವಾರ ಮಾಲು ಜಾಸ್ತಿ ಬರ್ತಿದೆ" ಎಂದರು ಮೇಡಂ, ಅಣ್ಣನ ಕಡೆ ತಿರುಗಿ. "ಆರು ಸುತ್ತು ಸಾಲ್ದು, ಎಂಟಾದ್ರೂ ಬೇಕಾಗುತ್ತೆ. ನೀವು ಇರ್ತೀರಲ್ಲ?"

ಅಣ್ಣ ಒಂದು ಸಲ ನನ್ನನ್ನು ನೋಡಿದರು, ಒಂದು ಸಲ ತಮ್ಮ ಜನರನ್ನು ನೋಡಿದರು. ಕೈಯಲ್ಲಿದ್ದ ಎಣ್ಣೆ ಬಟ್ಟೆಯಲ್ಲೇ ಮುಖ ಒರೆಸಿಕೊಂಡು ಕೆನ್ನೆಯೆಲ್ಲ ಕಪ್ಪು ಮಾಡಿಕೊಂಡರು.

"ಇರ್ತೀನಿ ಮೇಡಂ" ಎಂದರು.